ಹೆಸರು ಬಂದದ್ದು ಮಾತಿಗೆ: ಪಿ.ಕೆ. ಬ್ಯಾನರ್ಜಿಯವರ ಆಟ ಮತ್ತು ಪಾಠ



ಫುಟ್‌ಬಾಲ್ ಆಟಗಾರ ಕೋಚ್ ಆದ ಕಥೆಯನ್ನು ಹೇಳಿ ಎಂದು ಸಂಘಟಕರು ಕೇಳಿದಾಗ ಅವರ ಮನಸ್ಸಿನಲ್ಲಿ ಕ್ರೈಫ್ ಇದ್ದರೋ ಗಾರ್ಡಿಯೊಲಾ ಇದ್ದರೋ ಗೊತ್ತಿಲ್ಲ. ನಾನು ಆರಿಸಿಕೊಂಡದ್ದು ಪ್ರದೀಪ್ ಕುಮಾರ್ ಬ್ಯಾನರ್ಜಿಯವರನ್ನು. ಕಲ್ಕತ್ತೆಯವರಿಗೆ ಅವರು ಪಿ.ಕೆ., ಹತ್ತಿರದವರಿಗೆ ಪ್ರದೀಪ್‌ದಾ. 1956ರ ಮತ್ತು 1960ರ ಒಲಿಂಪಿಕ್ಸ್‌ನಲ್ಲಿ ಆಡಿದವರು, ಎರಡನೆಯದರಲ್ಲಿ ನಾಯಕ. 1962ರ ಏಷ್ಯನ್ ಗೇಮ್ಸ್ ಚಿನ್ನದ ತಂಡದವರು. 1961ರಲ್ಲಿ ಅರ್ಜುನ ಪ್ರಶಸ್ತಿ ಶುರುವಾದಾಗ ಅದನ್ನು ಪಡೆದ ಮೊದಲ ಫುಟ್‌ಬಾಲ್ ಆಟಗಾರ. ಆಮೇಲೆ ಮೂರು ದಶಕ ಕೋಚ್. ಕಲ್ಕತ್ತೆಯ ದೊಡ್ಡ ಕ್ಲಬ್‌ಗಳಲ್ಲಿ ಅವರ ತಂಡ ಗೆದ್ದಾಗಲೆಲ್ಲ ಪತ್ರಿಕೆಗಳು ಬರೆದದ್ದು ಒಂದೇ ಮಾತು: ‘ವೋಕಲ್ ಟಾನಿಕ್’. ಪಂದ್ಯಕ್ಕೆ ಮುಂಚೆ ಡ್ರೆಸ್ಸಿಂಗ್ ರೂಮಿನಲ್ಲಿ ಅವರು ಆಡುತ್ತಿದ್ದ ಮಾತಿಗೆ ಬಿದ್ದ ಹೆಸರು ಅದು.

ನನ್ನ ತಕರಾರು ಇರುವುದು ಅಲ್ಲೇ. ಆ ಮನುಷ್ಯ ಕಲಿತದ್ದು, ಕಲಿಸಿದ್ದು, ಬೆಳಗಿನ ಹೊತ್ತು ಮೈದಾನದಲ್ಲಿ ಹುಡುಗರ ಬೆವರಿಳಿಸಿದ್ದು ಹಿಂದೆ ಸರಿಯಿತು. ಅರ್ಧ ಗಂಟೆಯ ಭಾಷಣ ಮಾತ್ರ ಉಳಿಯಿತು. ಮುಂದೆ ಬಂದವರು ಬಹಳ ಮಂದಿ ಅದನ್ನೇ ನಕಲು ಮಾಡಿದರು. ಕೋಚ್ ಎಂದರೆ ಹುರಿದುಂಬಿಸುವವನು ಎಂದು ನಮ್ಮ ಶಾಲಾ ಮೈದಾನಗಳಲ್ಲಿ ಇವತ್ತಿಗೂ ಇರುವ ನಂಬಿಕೆಯ ಒಂದು ಬೇರು ಅಲ್ಲಿದೆ.

ಬ್ಯಾನರ್ಜಿಯವರು ಹುಟ್ಟಿದ್ದು 1936ರ ಜೂನ್ 23ರಂದು, ಉತ್ತರ ಬಂಗಾಳದ ಜಲಪಾಯಿಗುಡಿ ಜಿಲ್ಲೆಯಲ್ಲಿ. ಬೆಳೆದದ್ದು ಜಮ್ಷೆಡ್‌ಪುರದಲ್ಲಿ. ಹಾಗಾಗಿ ಬಂಗಾಳಿ ಹುಡುಗ ಸಂತೋಷ್ ಟ್ರೋಫಿಯಲ್ಲಿ ಮೊದಲು ಆಡಿದ್ದು ಬಿಹಾರದ ಪರವಾಗಿ. 1954ರಲ್ಲಿ ಕಲ್ಕತ್ತೆಗೆ ಬಂದು ಆರ್ಯನ್ ಕ್ಲಬ್ ಸೇರಿದರು. ಮರುವರ್ಷ ಈಸ್ಟರ್ನ್ ರೈಲ್ವೆ. ಅಲ್ಲಿಂದ ಆಟಗಾರರಾಗಿ ಅವರು ಬೇರೆಡೆ ಕದಲಲೇ ಇಲ್ಲ. ಮೋಹನ್ ಬಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಈ ಮೂರರಲ್ಲಿ ಒಂದರ ಜರ್ಸಿಯನ್ನೂ ತೊಡದೆ ಕಲ್ಕತ್ತೆಯಲ್ಲಿ ದೊಡ್ಡ ಆಟಗಾರ ಎನಿಸಿಕೊಂಡವರು ಬಹಳ ಕಡಿಮೆ.

ಯಾಕೆ ಕದಲಲಿಲ್ಲ ಎಂದರೆ ಉತ್ತರ ಸರಳ. ಆ ಕಾಲದಲ್ಲಿ ಆಟ ಆಡಿ ಬದುಕುವುದು ಎಂದರೆ ನೌಕರಿ ಮಾಡಿ ಬದುಕುವುದು. ರೈಲ್ವೆಯೋ, ಪೊಲೀಸೋ, ಬ್ಯಾಂಕೋ ಕೆಲಸ ಕೊಡುತ್ತಿತ್ತು. ಆಟಗಾರ ಹಾಜರಿ ಹಾಕಿ, ಪ್ರಾಕ್ಟೀಸಿಗೆ ಹೋಗಿ, ತಿಂಗಳ ಕೊನೆಗೆ ಸಂಬಳ ತರುತ್ತಿದ್ದ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಐಟಿಐ, ಎಚ್ಎಎಲ್ ತಂಡಗಳು ನಡೆದದ್ದು ಇದೇ ಲೆಕ್ಕದಲ್ಲಿ. ಆಸ್ಟಿನ್ ಟೌನಿನ, ಹಲಸೂರಿನ ಎಷ್ಟೋ ಮನೆಗಳಲ್ಲಿ ಫುಟ್‌ಬಾಲ್‌ನಿಂದಲೇ ಒಲೆ ಉರಿದದ್ದು ಕಾರ್ಖಾನೆಯ ಗೇಟ್‌ಪಾಸ್ ಮೂಲಕ. ಈ ವ್ಯವಸ್ಥೆಯನ್ನು ಈಗ ಹಳೆಯದು ಎಂದು ನಗುವವರಿದ್ದಾರೆ. ಆದರೆ ಅದೇ ಈಸ್ಟರ್ನ್ ರೈಲ್ವೆ 1958ರಲ್ಲಿ ಕಲ್ಕತ್ತಾ ಲೀಗ್ ಗೆದ್ದಿತು, ಬ್ಯಾನರ್ಜಿಯವರ ಕಾಲ ಅದು. ಆ ಮೂರು ದೊಡ್ಡ ಕ್ಲಬ್‌ಗಳನ್ನು ಬಿಟ್ಟು ಇನ್ನೊಂದು ತಂಡ ಆ ಲೀಗ್ ಗೆಲ್ಲಲು ಆಮೇಲೆ 2019ರವರೆಗೆ, ಪಿಯರ್‌ಲೆಸ್ ಗೆಲ್ಲುವವರೆಗೆ, ಕಾಯಬೇಕಾಯಿತು.

ಬೆಂಗಳೂರಿನ ನೆನಪಾದದ್ದರಿಂದ ಇನ್ನೊಂದು ಮಾತು. ಕಲ್ಕತ್ತೆಯ ಫುಟ್‌ಬಾಲನ್ನು ಕಟ್ಟಿದವರಲ್ಲಿ ನಮ್ಮ ಊರಿನವರ ಪಾಲು ಸಣ್ಣದಲ್ಲ. ಈಸ್ಟ್ ಬೆಂಗಾಲ್‌ನ ‘ಪಂಚ ಪಾಂಡವ’ರೆಂದು ಹೆಸರಾದ ಐವರು ಫಾರ್ವರ್ಡ್‌ಗಳಲ್ಲಿ ಅಹ್ಮದ್ ಖಾನ್ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ರಾಮನ್ ಕೂಡ ಇಲ್ಲಿಯವರೇ. ಹನ್ನೆರಡು ವರ್ಷದ ನಂತರ ರೋಮ್ ಒಲಿಂಪಿಕ್ಸ್‌ನಲ್ಲಿ, ಗ್ರೊಸೆಟೊ ಎಂಬ ಊರಿನಲ್ಲಿ, ಅದೇ ಫ್ರಾನ್ಸ್‌ಗೆ ಗೋಲು ಹೊಡೆದವರು ನಾಯಕ ಬ್ಯಾನರ್ಜಿ. ಆ ಪಂದ್ಯ 1–1ರಲ್ಲಿ ನಿಂತಿತು. ಅದಕ್ಕೆ ಮುಂಚೆ ಹಂಗೇರಿಗೆ ಭಾರತ ಸೋತದ್ದು 2–1ರಲ್ಲಿ. ಆ ಹಂಗೇರಿ ತಂಡದಲ್ಲಿ ಫ್ಲೋರಿಯನ್ ಆಲ್ಬರ್ಟ್ ಇದ್ದರು, ಆ ತಂಡ ಕಂಚು ಗೆದ್ದಿತು. ಇಂಥವರೊಂದಿಗೆ ಒಂದು ಗೋಲಿನ ಅಂತರದಲ್ಲಿ ಸೋಲುವ ತಂಡ ನಮ್ಮದಾಗಿತ್ತು.

ಆ ತಂಡವನ್ನು ಕಟ್ಟಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಶಾಲಾ ಮೇಷ್ಟ್ರು. ಬ್ಯಾನರ್ಜಿಯವರ ಮಾತಿನ ಮೂಲ ಹುಡುಕುವವರು ರಹೀಮ್ ಸಾಹೇಬರಲ್ಲಿ ಹುಡುಕಬೇಕು; ಅವರ ಕೆಲಸದ ಮೂಲವೂ ಅಲ್ಲೇ ಇದೆ.

ಜಕಾರ್ತ, 1962. ಆತಿಥೇಯ ಇಂಡೊನೇಷ್ಯಾ ಇಸ್ರೇಲಿಗೂ ತೈವಾನಿಗೂ ವೀಸಾ ಕೊಡಲಿಲ್ಲ. ಏಷ್ಯನ್ ಗೇಮ್ಸ್ ಕಟ್ಟಿದವರಲ್ಲೊಬ್ಬರಾದ ಗುರುದತ್ತ್ ಸೋಂಧಿ ಇದನ್ನು ಪ್ರಶ್ನಿಸಿದರು. ಊರಿನ ಸಿಟ್ಟೆಲ್ಲ ಭಾರತದ ಕಡೆ ತಿರುಗಿತು. ಜನ ನಮ್ಮ ರಾಯಭಾರ ಕಚೇರಿಗೆ ನುಗ್ಗಿದರು. ಮೈದಾನದಲ್ಲಿ ಮೊದಲ ಪಂದ್ಯವೇ ಸೋಲು: ದಕ್ಷಿಣ ಕೊರಿಯಾ 2, ಭಾರತ 0. ಆಮೇಲೆ ಥಾಯ್ಲೆಂಡನ್ನು 4–1ರಲ್ಲಿ ಸೋಲಿಸಿದೆವು, ಆದರೆ ಆ ಪಂದ್ಯದಲ್ಲಿ ಡಿಫೆನ್ಸಿನ ಕಂಬದಂತಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಮಾಡಿಕೊಂಡರು, ಹೊಲಿಗೆ ಬಿದ್ದವು. ತಲೆಗೆ ಗಾಯವಾದ ಡಿಫೆಂಡರನ್ನು ಯಾವ ಕೋಚ್ ಆದರೂ ಬೆಂಚಿನಲ್ಲಿ ಕೂರಿಸುತ್ತಾನೆ. ರಹೀಮ್ ಸೆಮಿಫೈನಲ್‌ಗೆ ಅವರನ್ನು ಸೆಂಟರ್ ಫಾರ್ವರ್ಡ್ ಜಾಗಕ್ಕೆ ಕಳಿಸಿದರು. ಜರ್ನೈಲ್ ದಕ್ಷಿಣ ವಿಯೆಟ್ನಾಂ ವಿರುದ್ಧ ಗೋಲು ಹೊಡೆದರು. ಭಾರತ 3–2ರಲ್ಲಿ ಗೆದ್ದಿತು.

ಸೆಪ್ಟೆಂಬರ್ 4ರಂದು ಫೈನಲ್, ಎದುರಿಗೆ ಮತ್ತೆ ಅದೇ ಕೊರಿಯಾ. ಸೆನಯಾನ್ ಕ್ರೀಡಾಂಗಣದಲ್ಲಿ ಲಕ್ಷದಷ್ಟು ಜನ, ಭಾರತದವರ ಕಾಲಿಗೆ ಚೆಂಡು ಬಂದಾಗಲೆಲ್ಲ ಕೂಗು. ರಹೀಮ್‌ಗೆ ಆಗಲೇ ಶ್ವಾಸಕೋಶದ ಕ್ಯಾನ್ಸರ್ ಹಿಡಿದಿತ್ತು. ಹಿಂದಿನ ಸಂಜೆ ಅವರು ಹುಡುಗರನ್ನು ಕೂಡಿಸಿ, ನಾಳೆ ನನಗೊಂದು ಉಡುಗೊರೆ ಬೇಕು, ಚಿನ್ನ ತಂದುಕೊಡಿ ಎಂಬರ್ಥದಲ್ಲಿ ಕೇಳಿಕೊಂಡರೆಂದು ಆ ತಂಡದವರು ಮುಂದೆ ಎಷ್ಟೋ ಸಲ ನೆನೆಸಿಕೊಂಡಿದ್ದಾರೆ. ಹದಿನೇಳನೇ ನಿಮಿಷದಲ್ಲಿ ಬ್ಯಾನರ್ಜಿಯವರ ಗೋಲು, ಇಪ್ಪತ್ತನೆಯದರಲ್ಲಿ ಜರ್ನೈಲ್‌ರದು. ಕೊನೆಗೆ 2–1. ಎಡ ವಿಂಗ್‌ನಲ್ಲಿ ಆಡಿದವರು ನಮ್ಮ ಬೆಂಗಳೂರಿನ ಅರುಮೈನಾಯಗಂ. ರಹೀಮ್ ಮರುವರ್ಷ ಜೂನ್‌ನಲ್ಲಿ ತೀರಿಕೊಂಡರು.

ಈ ಕಥೆಯನ್ನು ಹೇಳುವವರೆಲ್ಲ ಉಡುಗೊರೆಯ ಮಾತಿನಲ್ಲೇ ಕಣ್ಣೀರಾಗುತ್ತಾರೆ. ನನ್ನನ್ನು ಕಾಡುವುದು ಜರ್ನೈಲ್ ಅವರ ಜಾಗ. ಕೆಲವೇ ದಿನದ ಪಂದ್ಯಾವಳಿಯಲ್ಲಿ, ಬದಲಿ ಆಟಗಾರರ ಅನುಕೂಲವಿಲ್ಲದ ಕಾಲದಲ್ಲಿ, ಹಿಂದೆ ಆಡುವವನು ಮುಂದೆ ಏನು ಮಾಡಬಲ್ಲ ಎಂದು ತಿಳಿದಿರಬೇಕಾದರೆ ಕೋಚ್ ಅವನನ್ನು ವರ್ಷಗಟ್ಟಲೆ ಪ್ರಾಕ್ಟೀಸಿನಲ್ಲಿ ನೋಡಿರಬೇಕು. ಆ ಸಂಜೆಯ ಮಾತು ಕೆಲಸ ಮಾಡಿದ್ದು ಹಿಂದಿನ ಹತ್ತು ವರ್ಷದ ಲೆಕ್ಕ ಸರಿ ಇದ್ದದ್ದರಿಂದ.

ಅದೇ ಜಕಾರ್ತದಲ್ಲಿ ನಾವು ಜಪಾನನ್ನೂ 2–0ರಲ್ಲಿ ಸೋಲಿಸಿದ್ದೆವು. ಇದನ್ನು ನೆನಪಿಟ್ಟುಕೊಳ್ಳಿ. ಜಪಾನಿನವರು 1960ರಲ್ಲೇ ಡೆಟ್ಮಾರ್ ಕ್ರಾಮರ್ ಎಂಬ ಜರ್ಮನ್ ಕೋಚನ್ನು ಕರೆಸಿಕೊಂಡಿದ್ದರು. ಆತ ಗಿಡ್ಡ ಆಳು, ಶಿಸ್ತಿನವನು. ಚೆಂಡು ನಿಲ್ಲಿಸುವುದು, ಪಾಸ್ ಕೊಡುವುದು, ತಲೆಯಲ್ಲಿ ಹೊಡೆಯುವುದು ಇವನ್ನು ದೊಡ್ಡವರಿಗೂ ಅಕ್ಷರಾಭ್ಯಾಸದಂತೆ ತಿದ್ದಿಸಿದವನು. ಎಂಟು ವರ್ಷ ಕಳೆಯಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಜಪಾನ್ ಕಂಚು ಗೆದ್ದಿತು. ಕಾಮಾಮೊಟೊ ಏಳು ಗೋಲು ಹೊಡೆದು ಎಲ್ಲರಿಗಿಂತ ಮುಂದೆ ನಿಂತರು. ನಾವು ಆ ಒಲಿಂಪಿಕ್ಸ್‌ಗೆ ಹೋಗಿರಲೇ ಇಲ್ಲ.

1969ರಲ್ಲಿ ಏಷ್ಯಾದ ಕೋಚ್‌ಗಳಿಗಾಗಿ ಫಿಫಾ ಒಂದು ತರಬೇತಿ ಶಾಲೆ ನಡೆಸಿತು. ಅದು ನಡೆದದ್ದು ಜಪಾನಿನಲ್ಲಿ, ಕ್ರಾಮರ್ ಅವರ ಕೈಕೆಳಗೆ, ಸುಮಾರು ಮೂರು ತಿಂಗಳು. ಆಗಷ್ಟೇ ಆಟ ಬಿಟ್ಟಿದ್ದ ಬ್ಯಾನರ್ಜಿ ಅಲ್ಲಿಗೆ ವಿದ್ಯಾರ್ಥಿಯಾಗಿ ಹೋದರು. ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಗೋಲು ಹೊಡೆದವನು, ಏಳು ವರ್ಷದ ಹಿಂದೆ ತಾವು ಸೋಲಿಸಿದ್ದ ದೇಶಕ್ಕೆ ಹೋಗಿ, ಚೆಂಡನ್ನು ಹೇಗೆ ತಡೆಯಬೇಕೆಂದು ಹೇಳಿಕೊಡುವುದು ಹೇಗೆ ಎಂದು ಕಲಿಯಲು ಕೂತದ್ದು. ಅವರ ಬದುಕಿನ ಬಗ್ಗೆ ಬರೆದವರು ಇದನ್ನು ಅರ್ಧ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅವರ ಬದುಕಿನ ಮಧ್ಯದ ಬಾಗಿಲು ಅದೇ ಎಂದು ನನ್ನ ಅಭಿಪ್ರಾಯ. ದೊಡ್ಡ ಆಟಗಾರರಿಗೆ ಕೋಚಿಂಗ್ ಕಷ್ಟವಾಗುವುದು ಅವರಿಗೆ ತಮ್ಮ ಆಟ ಹೇಗೆ ಬಂತೆಂದು ಗೊತ್ತಿರುವುದಿಲ್ಲವಾದ್ದರಿಂದ. ಬಲಗಡೆ ಓಡಿ ಗುಂಡು ಹೊಡೆದಂತೆ ಶಾಟ್ ಹೊಡೆಯುತ್ತಿದ್ದ ಪಿ.ಕೆ. ಅದನ್ನು ತುಂಡು ತುಂಡು ಮಾಡಿ ಇನ್ನೊಬ್ಬನ ಕಾಲಿಗೆ ದಾಟಿಸುವುದನ್ನು ಕಲಿತದ್ದು ಅಲ್ಲಿ. ಮರುವರ್ಷ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ಗೆ ಅವರು ಜಿ.ಎಂ.ಎಚ್. ಬಾಷಾ ಅವರ ಜೊತೆ ಭಾರತದ ತಂಡವನ್ನು ನೋಡಿಕೊಂಡರು. ಕಂಚಿನ ಪಂದ್ಯದಲ್ಲಿ ಎದುರಾದದ್ದು ಜಪಾನ್. ಭಾರತ 1–0ರಲ್ಲಿ ಗೆದ್ದಿತು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ನಮಗೆ ಬಂದ ಕಡೆಯ ಪದಕ ಅದು. ಕ್ರಾಮರ್ ಮುಂದೆ ಬಾಯರ್ನ್ ಮ್ಯೂನಿಕ್‌ಗೆ 1975ರಲ್ಲಿ, 1976ರಲ್ಲಿ ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟರು. ಗುರು ಸಾಮಾನ್ಯನಾಗಿರಲಿಲ್ಲ.

ಇಲ್ಲಿ ಇನ್ನೊಬ್ಬರನ್ನು ಕರೆತರದೆ ಮುಂದೆ ಹೋಗಲಾಗದು: ಅಮಲ್ ದತ್ತ. ಪಿ.ಕೆ.ಗಿಂತ ಆರು ವರ್ಷ ದೊಡ್ಡವರು, ಆಟಗಾರರಾಗಿ ಅಷ್ಟೇನೂ ಹೆಸರಿಲ್ಲ. ನೌಕರಿ ಬಿಟ್ಟು, ಸ್ವಂತ ಖರ್ಚಿನಲ್ಲಿ ಇಂಗ್ಲೆಂಡಿಗೆ ಹೋಗಿ ಕೋಚಿಂಗ್ ಕಲಿತು ಬಂದರು. ಬರುವಾಗ ಪ್ರೊಜೆಕ್ಟರ್ ತಂದು, ಊರೂರಿಗೆ ಹೊತ್ತೊಯ್ದು, ವಿದೇಶದ ಪಂದ್ಯಗಳನ್ನು ಪರದೆಯ ಮೇಲೆ ತೋರಿಸಿದರು. ಕೋಚಿಂಗ್ ಒಂದನ್ನೇ ಕಸುಬು ಮಾಡಿಕೊಂಡ ಮೊದಲ ಭಾರತೀಯ ಎಂದು ಅವರನ್ನು ಕರೆಯುತ್ತಾರೆ. ತಬಲಾ ಬಾರಿಸುತ್ತಿದ್ದರು, ಬಾಯಿ ಹರಿತ. ಪಿ.ಕೆ.–ಅಮಲ್ ಪೈಪೋಟಿ ಕಲ್ಕತ್ತೆಯಲ್ಲಿ ಕಾಲು ಶತಮಾನ ನಡೆಯಿತು. ಒಬ್ಬರು ಲೆಕ್ಕಾಚಾರ, ಇನ್ನೊಬ್ಬರು ಹುರುಪು ಎಂದು ಪತ್ರಿಕೆಗಳು ಪಾಲು ಮಾಡಿ ಹಂಚಿದವು. ಇಬ್ಬರಿಗೂ ಅನ್ಯಾಯವಾಯಿತು.

1972ರಲ್ಲಿ ಪಿ.ಕೆ. ಈಸ್ಟ್ ಬೆಂಗಾಲ್ ಹೊಣೆ ಹೊತ್ತರು. ನಾಲ್ಕು ವರ್ಷ ಸತತವಾಗಿ ಲೀಗ್ ಗೆಲುವು, ನಾಲ್ಕು ವರ್ಷ ಸತತವಾಗಿ ಐಎಫ್ಎ ಶೀಲ್ಡ್. 1973ರ ಶೀಲ್ಡ್ ಫೈನಲ್‌ನಲ್ಲಿ ಉತ್ತರ ಕೊರಿಯಾದ ಪ್ಯಾಂಗ್ಯಾಂಗ್ ಸಿಟಿ ತಂಡವನ್ನು 3–1ರಲ್ಲಿ ಸೋಲಿಸಿದರು. ಈ ಪಟ್ಟಿಯನ್ನು ಉದ್ದ ಮಾಡಬಹುದು, ಮಾಡುವುದಿಲ್ಲ. ಒಬ್ಬ ಆಟಗಾರನ ವಿಷಯ ಹೇಳುತ್ತೇನೆ.

ಸುಭಾಷ್ ಭೌಮಿಕ್. ಗಟ್ಟಿಮುಟ್ಟಾದ ಫಾರ್ವರ್ಡ್. 1973ರ ಹೊತ್ತಿಗೆ ಮೋಹನ್ ಬಗಾನ್‌ನಲ್ಲಿ ಅವರ ದಿನ ಮುಗಿಯಿತೆಂದು ಎಲ್ಲರೂ ಕೈಬಿಟ್ಟಿದ್ದರು: ಮೈ ಬೆಳೆದಿತ್ತು, ಆಟದಲ್ಲಿ ಬಿಸಿ ಇರಲಿಲ್ಲ. ಪಿ.ಕೆ. ಅವರನ್ನು ಈಸ್ಟ್ ಬೆಂಗಾಲ್‌ಗೆ ತೆಗೆದುಕೊಂಡು, ಮೊದಲು ಮೈ ಇಳಿಸಿದರು. ಓಟ, ಮತ್ತೆ ಓಟ, ಆಮೇಲೆ ಚೆಂಡು. ಆ ಸೀಸನ್‌ನಲ್ಲೇ ಭೌಮಿಕ್ ಮೈದಾನದಲ್ಲಿ ಎದುರಾಳಿಗಳನ್ನು ಗುದ್ದಿಕೊಂಡು ಹೋಗುವ ಹಳೆಯ ಆಟಕ್ಕೆ ಮರಳಿದರು, ಮುಂದೆ ಆರು ವರ್ಷ ಆಡಿದರು. ಕೇಳಿದರೆ ಅವರೂ ‘ಪ್ರದೀಪ್‌ದಾ ಮಾತು’ ಎನ್ನುತ್ತಿದ್ದರೇನೋ. ಮಾತಿನಿಂದ ಸೊಂಟದ ಸುತ್ತಳತೆ ಇಳಿಯುವುದಿಲ್ಲ ಎಂಬುದು ನನ್ನಂಥ ಶರೀರದವನಿಗೆ ಚೆನ್ನಾಗಿ ಗೊತ್ತು. ಅದೇ ಭೌಮಿಕ್ ಕೋಚ್ ಆದರು. 2003ರಲ್ಲಿ ಆಸಿಯಾನ್ ಕ್ಲಬ್ ಚಾಂಪಿಯನ್‌ಷಿಪ್‌ಗೆ ಮುಂಚೆ ಆಟಗಾರರನ್ನು ಹೋಟೆಲಿನಲ್ಲಿ ಒಟ್ಟಿಗೆ ಇರಿಸಿ, ವಿದೇಶಿ ಫಿಟ್‌ನೆಸ್ ತರಬೇತುದಾರನನ್ನು ಕರೆಸಿ, ಊಟ–ನಿದ್ದೆಗೂ ಲೆಕ್ಕ ಇಟ್ಟರು. ಕ್ಲಬ್‌ನವರು ಖರ್ಚು ನೋಡಿ ಗೊಣಗಿಕೊಂಡಿರಬೇಕು. ಈಸ್ಟ್ ಬೆಂಗಾಲ್ ಥಾಯ್ಲೆಂಡಿನ ಬಿಇಸಿ ಟೆರೊ ಸಸಾನಾವನ್ನು ಫೈನಲ್‌ನಲ್ಲಿ 3–1ರಿಂದ ಸೋಲಿಸಿ ಕಪ್ ತಂದಿತು. ಆ ಫೈನಲ್ ನಡೆದ ಊರು ಜಕಾರ್ತ.

1975ರ ಸೆಪ್ಟೆಂಬರ್ 30. ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ 5, ಮೋಹನ್ ಬಗಾನ್ 0. ಆ ಎರಡು ಕ್ಲಬ್‌ಗಳ ನಡುವೆ ಇದಕ್ಕಿಂತ ದೊಡ್ಡ ಅಂತರದ ಗೆಲುವು ಆಮೇಲೆ ಬಂದಿಲ್ಲ. ಒಂದು ಪೆನಾಲ್ಟಿ ಕೈಚೆಲ್ಲಿದ ಶ್ಯಾಮ್ ಥಾಪಾ ಎರಡು ಗೋಲು ಹೊಡೆದರು. ಎದುರಿನ ಕ್ಲಬ್‌ನಲ್ಲಿ ಪಿ.ಕೆ. ಅವರ ಸ್ವಂತ ತಮ್ಮ ಪ್ರಸೂನ್ ಇದ್ದರು. ಮೋಹನ್ ಬಗಾನ್‌ನ ಗೋಲ್‌ಕೀಪರ್ ಭಾಸ್ಕರ್ ಗಂಗೂಲಿ ಇನ್ನೂ ಹುಡುಗ. ನಾಲ್ಕು ಗೋಲು ಬಿಟ್ಟ ಮೇಲೆ ಅವರನ್ನು ಹೊರಗೆ ಕರೆದುಕೊಂಡರು. ಆ ರಾತ್ರಿ ಮೋಹನ್ ಬಗಾನ್‌ನ ಕೆಲವು ಆಟಗಾರರು ಅಭಿಮಾನಿಗಳ ಕೈಗೆ ಸಿಗದಂತೆ ಗಂಗೆಯಲ್ಲಿ ದೋಣಿಯ ಮೇಲೆ ಕಳೆದರೆಂದು ಅವರೇ ಹೇಳಿಕೊಂಡಿದ್ದಾರೆ. ಒಬ್ಬ ಅಭಿಮಾನಿ ಪ್ರಾಣವನ್ನೇ ತೆಗೆದುಕೊಂಡ.

ಹುರುಪಿನ ಮಾತನ್ನು ಮೆಚ್ಚಿ ಬರೆಯುವವರು ಈ ಕಡೆಯ ವಾಕ್ಯವನ್ನು ಬಿಟ್ಟುಬಿಡುತ್ತಾರೆ. ಡ್ರೆಸ್ಸಿಂಗ್ ರೂಮಿನಲ್ಲಿ ಕುಡಿಸಿದ ಟಾನಿಕ್ ಅಲ್ಲಿಗೇ ನಿಲ್ಲುವುದಿಲ್ಲ. ಪತ್ರಿಕೆ, ಚಹಾದಂಗಡಿ, ಟ್ರಾಮ್ ಎಲ್ಲ ಕಡೆ ಹರಿಯುತ್ತದೆ. 1980ರ ಆಗಸ್ಟ್ 16ರಂದು ಇದೇ ಎರಡು ತಂಡಗಳ ಲೀಗ್ ಪಂದ್ಯದಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ನೂಕುನುಗ್ಗಲಾಗಿ ಹದಿನಾರು ಮಂದಿ ಸತ್ತರು. ಅದಕ್ಕೆ ಯಾವ ಕೋಚೂ ಕಾರಣನಲ್ಲ. ಕ್ರೀಡಾಂಗಣದ ವ್ಯವಸ್ಥೆ ಕೆಟ್ಟಿತ್ತು. ಆದರೆ ಕಲ್ಕತ್ತೆಯ ಹುರುಪನ್ನು ಬರೀ ಸೊಬಗೆಂದು ನೋಡಲು ನನಗೆ ಆಗುವುದಿಲ್ಲ.

1976ರಲ್ಲಿ ಪಿ.ಕೆ. ಆಚೆ ದಡಕ್ಕೆ ಹೋದರು, ಮೋಹನ್ ಬಗಾನ್‌ಗೆ. ಬೇಲಿ ಹಾರಿದವರನ್ನು ಕಲ್ಕತ್ತೆ ಸುಲಭಕ್ಕೆ ಕ್ಷಮಿಸುವುದಿಲ್ಲ. ಆ ವರ್ಷದ ಲೀಗ್‌ನಲ್ಲಿ ಎರಡು ತಂಡ ಎದುರಾದಾಗ ಮೋಹನ್ ಬಗಾನ್‌ನ ಅಕ್ಬರ್ ಹದಿನೇಳನೇ ಸೆಕೆಂಡಿನಲ್ಲಿ ಗೋಲು ಹೊಡೆದರು. ನಿಮಿಷವಲ್ಲ, ಸೆಕೆಂಡು. ಪಂದ್ಯ ಮುಗಿದದ್ದೂ ಆ ಒಂದೇ ಗೋಲಿನಲ್ಲಿ. ಶುರುವಾಗುತ್ತಲೇ ಹೀಗೆ ಮುನ್ನುಗ್ಗಬೇಕೆಂದು ಯಾರೋ ಮೊದಲೇ ಕೂತು ಯೋಚಿಸಿರಬೇಕು ಎಂದು ನನಗೆ ಅನ್ನಿಸುತ್ತದೆ.

ಮರುವರ್ಷ, 1977ರ ಸೆಪ್ಟೆಂಬರ್ 24. ನ್ಯೂಯಾರ್ಕ್ ಕಾಸ್ಮೋಸ್ ತಂಡದೊಂದಿಗೆ ಪೆಲೆ ಕಲ್ಕತ್ತೆಗೆ ಬಂದರು. ಪಂದ್ಯ ಈಡನ್ ಗಾರ್ಡನ್ಸ್‌ನಲ್ಲಿ. ಮಳೆ ಬಂದು ನೆಲ ಒದ್ದೆ. ಪೆಲೆ ಆಟದಿಂದ ನಿವೃತ್ತರಾಗಲು ಒಂದು ವಾರವಿತ್ತು. ಕಾಲು ಉಳುಕಿಸಿಕೊಂಡರೆ ಎಂಬ ಅಳುಕು ಆ ಕಡೆ. ಈ ಕಡೆ ಮೋಹನ್ ಬಗಾನ್ ಹುಡುಗರಿಗೆ ಬೇರೆ ಅಳುಕು: ದೇವರ ಜೊತೆ ಆಡುವುದು ಹೇಗೆ? ಪಿ.ಕೆ. ಮಾತಾಡಿರುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ಮಾಡಿದ ಕೆಲಸ ಇದು: ಗೌತಮ್ ಸರ್ಕಾರ್ ಎಂಬ ಹಾಫ್ ಅನ್ನು ಪೆಲೆಯ ಬೆನ್ನಿಗೆ ಕಟ್ಟಿದರು. ಸರ್ಕಾರ್ ಗಿಡ್ಡ, ಚುರುಕು, ಒಮ್ಮೆ ಹಿಡಿದರೆ ಬಿಡುವ ಆಳಲ್ಲ. ಪೆಲೆ ಗೋಲು ಹೊಡೆಯಲಿಲ್ಲ. ಥಾಪಾ ಒಂದು, ಹಬೀಬ್ ಒಂದು. ಮೋಹನ್ ಬಗಾನ್ 2–1ರಲ್ಲಿ ಮುಂದಿತ್ತು. ಕೊನೆಯಲ್ಲಿ ಪೆನಾಲ್ಟಿಯಿಂದ ಕಾಸ್ಮೋಸ್ 2–2 ಮಾಡಿಕೊಂಡಿತು. ನಾಲ್ಕು ದಿನದ ಮೇಲೆ ಶೀಲ್ಡ್ ಫೈನಲ್‌ನಲ್ಲಿ ಮೋಹನ್ ಬಗಾನ್ ಈಸ್ಟ್ ಬೆಂಗಾಲನ್ನು 1–0ರಲ್ಲಿ ಸೋಲಿಸಿತು, ಆ ಸೀಸನ್‌ನಲ್ಲೇ ರೋವರ್ಸ್ ಮತ್ತು ಡ್ಯುರಾಂಡ್ ಕಪ್‌ಗಳನ್ನೂ ಗೆದ್ದಿತು. ಪೆಲೆ ಪಂದ್ಯದ ಟಿಕೆಟ್ಟು ಎಷ್ಟೋ ಮನೆಗಳಲ್ಲಿ ಇನ್ನೂ ಇರಬೇಕು. ಮೂರು ಟ್ರೋಫಿಗಳನ್ನು ನೆನಪಿಟ್ಟವರು ಕಡಿಮೆ.

ಭಾರತ ತಂಡದ ಕೋಚ್ ಆಗಿ ಪಿ.ಕೆ. ಇಷ್ಟು ಗೆಲ್ಲಲಿಲ್ಲ. ಇದನ್ನು ಮುಚ್ಚಿಟ್ಟು ಮಾತಾಡಬಾರದು. 1982ರ ದೆಹಲಿ ಏಷ್ಯನ್ ಗೇಮ್ಸ್‌ಗೆ ಅವರೇ ಕೋಚ್, ನಾಯಕ ಭಾಸ್ಕರ್ ಗಂಗೂಲಿ. ಹೌದು, 1975ರಲ್ಲಿ ಪಿ.ಕೆ. ತಂಡದಿಂದ ನಾಲ್ಕು ಗೋಲು ಹೊಡೆಸಿಕೊಂಡ ಅದೇ ಹುಡುಗ. ಕ್ವಾರ್ಟರ್‌ಫೈನಲ್‌ನಲ್ಲಿ ಸೌದಿ ಅರೇಬಿಯಾ ಎದುರು ಆಟ ಇನ್ನೇನು ಮುಗಿಯುತ್ತದೆ ಎನ್ನುವಾಗ ಒಂದು ಗೋಲು ಬಿದ್ದು ಭಾರತ ಹೊರಬಿತ್ತು. ಅಷ್ಟರಲ್ಲಿ ಏಷ್ಯಾ ಬದಲಾಗಿತ್ತು. ಕೊಲ್ಲಿಯ ದೇಶಗಳು ಹಣ ಸುರಿದು ಕೋಚ್‌ಗಳನ್ನು ತಂದಿದ್ದವು, ಜಪಾನ್–ಕೊರಿಯಾ ಶಾಲಾ ಮಟ್ಟದಿಂದ ಕಟ್ಟುತ್ತಿದ್ದವು. ನಮ್ಮಲ್ಲಿ ರಾಷ್ಟ್ರೀಯ ಶಿಬಿರಕ್ಕೆ ಆಟಗಾರರನ್ನು ಬಿಡುವ ವಿಷಯದಲ್ಲೇ ಕ್ಲಬ್‌ಗಳ ಜೊತೆ ಜಗಳ. ತಿಂಗಳುಗಟ್ಟಲೆ ಕಣ್ಣೆದುರು ಇರುವ ಕ್ಲಬ್ ಹುಡುಗರ ಮೇಲೆ ಪಿ.ಕೆ. ಮಾಡುತ್ತಿದ್ದ ಕೆಲಸ, ಹಲವು ರಾಜ್ಯಗಳಿಂದ ಬಂದು ಕೆಲವು ವಾರ ಸೇರುವ ತಂಡದಲ್ಲಿ ಸಾಗಲಿಲ್ಲ. ಉಳಿದದ್ದು ಮಾತು. ಅದು ಸಾಲದೆಂದು ಆ ಸಂಜೆ ಗೊತ್ತಾಯಿತು.

ಅವರ ಅತಿ ಉತ್ತಮ ಕೆಲಸ ಯಾವುದೆಂದು ನನ್ನನ್ನು ಕೇಳಿದರೆ ನಾನು ಡರ್ಬಿಗಳ ಹೆಸರು ಹೇಳುವುದಿಲ್ಲ, ಜಮ್ಷೆಡ್‌ಪುರದ ಹೆಸರು ಹೇಳುತ್ತೇನೆ. 1987ರಲ್ಲಿ ಶುರುವಾದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಅವರು 1991ರಲ್ಲಿ ತಾಂತ್ರಿಕ ನಿರ್ದೇಶಕರಾಗಿ ಹೋದರು. ತಾವು ಬೆಳೆದ ಊರು. ಅಲ್ಲಿ ಲಕ್ಷ ಜನರಿಲ್ಲ, ಸಂಜೆ ಪತ್ರಿಕೆಯಿಲ್ಲ. ಹದಿನೈದು–ಹದಿನೆಂಟರ ಹುಡುಗರು; ಹಾಸ್ಟೆಲ್, ಹಾಲು–ಮೊಟ್ಟೆ, ಬೆಳಗ್ಗೆ ಸಂಜೆ ಮೈದಾನ. ಆ ದಿನಗಳ ಕೆಡೆಟ್‌ಗಳಲ್ಲೊಬ್ಬರು ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್. ಅಕಾಡೆಮಿ ಬಿಟ್ಟ ವರ್ಷವೇ, 1993ರಲ್ಲಿ, ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜಾವ್ರಾ ವಿರುದ್ಧ ಈಸ್ಟ್ ಬೆಂಗಾಲ್ ಪರವಾಗಿ ಹ್ಯಾಟ್ರಿಕ್ ಹೊಡೆದರು. ಈಸ್ಟ್ ಬೆಂಗಾಲ್ 6–2ರಲ್ಲಿ ಗೆದ್ದಿತು. ಮಿಡ್‌ಫೀಲ್ಡಿನಲ್ಲಿ ನಿಂತು ಸುತ್ತ ನೋಡಿ ಪಾಸ್ ಕೊಡುವ ಆಟ ಅವರದು. ತಲೆ ಎತ್ತಿ ಆಡುವುದನ್ನು ಹುಡುಗರಿಗೆ ದಿನಾ ಹೇಳಿಕೊಡಬೇಕು. ಒಂದು ಪಂದ್ಯದ ಮುಂಚಿನ ಸಂಜೆ ಕೂಗಿ ಹೇಳಿದರೆ ಬರುವುದಲ್ಲ ಅದು. ಚಾಪ್‌ಮನ್ ಆಮೇಲೆ ಅದೇ ಅಕಾಡೆಮಿಯಲ್ಲಿ ಕೋಚ್ ಆದರು, ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ ತಂಡವನ್ನು ಬೆಳೆಸಿದರು. 2020ರ ಅಕ್ಟೋಬರ್‌ನಲ್ಲಿ, ಐವತ್ತೂ ತುಂಬದ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ತೀರಿಕೊಂಡರು. ಅದೇ ವರ್ಷ ಮಾರ್ಚ್ 20ರಂದು ಪಿ.ಕೆ. ಹೋಗಿದ್ದರು.

1997ಕ್ಕೆ ಬರುತ್ತೇನೆ, ಯಾಕೆಂದರೆ ನೀವು ಅದನ್ನು ಕಾಯುತ್ತಿದ್ದೀರಿ. ಜುಲೈ 13, ಸಾಲ್ಟ್ ಲೇಕ್ ಕ್ರೀಡಾಂಗಣ, ಫೆಡರೇಷನ್ ಕಪ್ ಸೆಮಿಫೈನಲ್. ಒಂದು ಲಕ್ಷ ಮೂವತ್ತು ಸಾವಿರಕ್ಕೂ ಮೇಲ್ಪಟ್ಟು ಜನ. ಈಸ್ಟ್ ಬೆಂಗಾಲ್‌ಗೆ ಪಿ.ಕೆ., ಮೋಹನ್ ಬಗಾನ್‌ಗೆ ಅಮಲ್ ದತ್ತ. ದತ್ತ ಆ ಸೀಸನ್‌ನಲ್ಲಿ ‘ಡೈಮಂಡ್’ ಪದ್ಧತಿ ತಂದಿದ್ದರು. ಕ್ವಾರ್ಟರ್‌ಫೈನಲ್‌ನಲ್ಲಿ ಚರ್ಚಿಲ್ ಬ್ರದರ್ಸ್ ಅನ್ನು 6–0ರಲ್ಲಿ ಪುಡಿಮಾಡಿದ್ದರು. ಪಂದ್ಯಕ್ಕೆ ಮುಂಚೆ ಎದುರಾಳಿಗಳಿಗೆ ಅಡ್ಡಹೆಸರು ಇಟ್ಟರು: ಕೀನ್ಯಾದ ಸ್ಯಾಮಿ ಒಮೊಲೊ ‘ಆಮ್ಲೆಟ್’, ಸೊಸ್ಸೊ ‘ಸೌತೆಕಾಯಿ’, ಬೈಚುಂಗ್ ಭುಟಿಯಾ ‘ಚುಂಗ್‌ಚುಂಗ್’. ಆಗ ಊರೆಲ್ಲ ನಕ್ಕಿತು. ಈಶಾನ್ಯದ ಹುಡುಗನ ಹೆಸರನ್ನು ಹಾಗೆ ಎಳೆದಾಡಿದ್ದನ್ನು ಈಗ ಓದಿದರೆ ನಗು ಬರುವುದಿಲ್ಲ. ಪಿ.ಕೆ.ಗೆ ಟಾನಿಕ್ ತಯಾರಿಸುವ ಶ್ರಮವೇ ಉಳಿಯಿತು, ಔಷಧಿಯನ್ನು ಎದುರಾಳಿಯೇ ಅರೆದುಕೊಟ್ಟಿದ್ದ. ನಾಜಿಮುಲ್ ಹಕ್ ಒಂದು ಗೋಲು, ಭುಟಿಯಾ ಮೂರು. ಮೋಹನ್ ಬಗಾನ್‌ಗೆ ಚೀಮಾ ಒಕೋರಿಯದು ಒಂದು. 4–1.

ಮರುದಿನದಿಂದ ಇವತ್ತಿನವರೆಗೂ ಅದು ಮಾತಿನ ಗೆಲುವು. ಆದರೆ ಇನ್ನೂ ಹರೆಯದಲ್ಲಿದ್ದ ಭುಟಿಯಾ ಅಂಥ ಜಾಗದಲ್ಲಿ ಮೂರು ಸಲ ಸರಿಯಾದ ಹೊತ್ತಿಗೆ ಸರಿಯಾದ ಕಡೆ ಇದ್ದದ್ದು ಸಿಟ್ಟಿನಿಂದ ಆಗುವುದಲ್ಲ. ಸಿಟ್ಟಿದ್ದರೆ ಚೆಂಡು ಬಾರಿನ ಮೇಲೆ ಹೋಗುತ್ತದೆ. ಇನ್ನೊಂದು ವಿಷಯ, ಯಾರೂ ಹೇಳುವುದಿಲ್ಲ: ಆ ವರ್ಷದ ಕಪ್ ಈಸ್ಟ್ ಬೆಂಗಾಲ್‌ಗೆ ಬರಲಿಲ್ಲ. ಫೈನಲ್‌ನಲ್ಲಿ ಗೋವಾದ ಸಲ್ಗಾಂವ್ಕರ್ 2–1ರಲ್ಲಿ ಗೆದ್ದು ಕಪ್ ಒಯ್ದಿತು. ಅವತ್ತು ಅಡ್ಡಹೆಸರುಗಳು ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಪಿ.ಕೆ. ನಡೆದ ದಾರಿ ಆಮೇಲೆ ಕಿರಿದಾಯಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದ ಮೇಲೆ ಮುಖ್ಯ ಕೋಚ್‌ನ ಕುರ್ಚಿ ಬಹುತೇಕ ವಿದೇಶಿಯರದಾಯಿತು. ಅದಕ್ಕೂ ಸ್ವಲ್ಪ ಮುಂಚೆ ನಮ್ಮ ಬೆಂಗಳೂರು ಎಫ್‌ಸಿ ಮೊದಲ ಸೀಸನ್‌ನಲ್ಲೇ ಐ–ಲೀಗ್ ಗೆದ್ದದ್ದೂ ಇಂಗ್ಲೆಂಡಿನ ಹಳೆಯ ಆಟಗಾರ ಆಶ್ಲಿ ವೆಸ್ಟ್‌ವುಡ್ ಕೈಯಲ್ಲಿ. ಅದರಲ್ಲಿ ತಪ್ಪು ಹುಡುಕಲು ನಾನು ಹೋಗುವುದಿಲ್ಲ; ಅವರು ತಂಡದ ಫಿಟ್‌ನೆಸ್ಸನ್ನೇ ಬೇರೆ ಮಟ್ಟಕ್ಕೆ ಒಯ್ದರು. ಭಾರತೀಯ ಕೋಚ್‌ಗಳು ಸಹಾಯಕರಾಗಿ ಪಕ್ಕದಲ್ಲಿ ನಿಂತರು. ಕೆಲಸ ಕೊಟ್ಟು ಆಡಿಸುತ್ತಿದ್ದ ಇಲಾಖೆ ತಂಡಗಳು ಒಂದೊಂದಾಗಿ ಸೊರಗಿದವು. ಆಟ ಬಿಟ್ಟವನು ಅದೇ ಇಲಾಖೆಯಲ್ಲಿ ಕೋಚ್ ಆಗಿ ಉಳಿಯುವ ದಾರಿಯೂ ಅದರೊಂದಿಗೆ ಮುಚ್ಚಿತು. ಈಗ ಲೈಸೆನ್ಸ್ ಪರೀಕ್ಷೆಗಳಿವೆ. ಕಟ್ಟಬೇಕಾದ ಶುಲ್ಕವಿದೆ, ಬಿಡಬೇಕಾದ ಸಂಬಳವಿದೆ.

2025ರ ಆಗಸ್ಟ್‌ನಲ್ಲಿ ಭಾರತ ತಂಡಕ್ಕೆ ಖಾಲಿದ್ ಜಮೀಲ್ ಕೋಚ್ ಆದರು. 2012ರ ನಂತರ ಆ ಜಾಗಕ್ಕೆ ಬಂದ ಮೊದಲ ಭಾರತೀಯ. ಆಟಗಾರರಾಗಿ ಮಹೀಂದ್ರ, ಏರ್ ಇಂಡಿಯಾ ತಂಡಗಳಲ್ಲಿ ಇದ್ದವರು. ಕೋಚ್ ಆಗಿ 2017ರಲ್ಲಿ ಐಜ್ವಾಲ್ ಎಂಬ ಸಣ್ಣ ಕ್ಲಬ್‌ಗೆ ಐ–ಲೀಗ್ ಗೆದ್ದುಕೊಟ್ಟವರು. ಮರುತಿಂಗಳೇ ಮಧ್ಯ ಏಷ್ಯಾದ ಪಂದ್ಯಾವಳಿಯಲ್ಲಿ ಭಾರತ ಒಮಾನನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೆಯದಾಯಿತು. ಅಕ್ಟೋಬರ್‌ನಲ್ಲಿ ಗೋವಾದಲ್ಲಿ ಸಿಂಗಪುರಕ್ಕೆ 2–1ರಲ್ಲಿ ಸೋತು ಏಷ್ಯನ್ ಕಪ್ ಅವಕಾಶ ಕಳೆದುಕೊಂಡಿತು. ಈ ಎರಡೂ ಪಂದ್ಯಗಳ ನಂತರ ಅವರ ಪತ್ರಿಕಾಗೋಷ್ಠಿಯಿಂದ ಶೀರ್ಷಿಕೆ ಹೆಕ್ಕಲು ವರದಿಗಾರರು ಪರದಾಡಿದ್ದರೆ ಆಶ್ಚರ್ಯವಿಲ್ಲ, ಆ ಮನುಷ್ಯ ಮಾತು ಕಡಿಮೆ ಎಂದೇ ಹೆಸರು. ಭಾರತದ ಕೆಲಸಕ್ಕೆ ಅವರು ಬಂದದ್ದು ಜಮ್ಷೆಡ್‌ಪುರ ಎಫ್‌ಸಿಯಿಂದ.